ಲಿಂಕ್ ಕಳಿಸೇವಿ, ಸಹಕುಟುಂಬ ಬರ್ರಿ

ನನಗ ಇಬ್ಬರು ತಮ್ಮಂದಿರು. ದೊಡ್ಡಾಂವ ಪ್ರಲ್ಹಾದ, ವಿಜಯಪುರದಾಗ ಸರಕಾರಿ ಆಫೀಸಿನ ಸುಪರಿಂಟೆಂಡೆಂಟ್ ಆಗಿ ರಿಟೈರ್ ಆದಾಂವ. ಸಣ್ಣಾಂವ ವಿದ್ಯಾಧೀಶ, ತಿಕೋಟಾದಾಗ ದ್ರಾಕ್ಷಿ ತೋಟಕ್ಕ ಹೊಡಿಯೋ ಔಷಧದ ಅಂಗಡಿ ಇಟ್ಟಾಂವ. ಇಬ್ಬರಿಗೂ ಕೂಡಿ ಒಬ್ಬ ಶಾಣ್ಯಾನಷ್ಟು ಬುದ್ಧಿ ಇದ್ದೀತು ಅಂತ ತಿಳಕೊಂಡಿದ್ದೆ. ಈ ಫೆಬ್ರುವರಿದಾಗ ಅದೂ ಸುಳ್ಳಾತು.

ವಿಜಯಪುರದಿಂದ ತಿಕೋಟಾ ಬಸ್ಸಿನ್ಯಾಗ ಅರ್ಧ ತಾಸು. ಆದರ ಮೂರು ವರ್ಷ ಆತು, ಒಬ್ಬರ ಹೊಸ್ತಲಾ ಇನ್ನೊಬ್ಬರು ತುಳದಿಲ್ಲ. ಪ್ರಲ್ಹಾದ ಮಾಳಿಗಿ ಮ್ಯಾಲೆ ಮನಿ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಾಗ, ತಮ್ಮನ ಮನಿಗೆ ಕುಂಕುಮ ಅಕ್ಷತಿ ತಗೊಂಡು ಹೋಗಿ ಕರೀಲಿಲ್ಲ. ಕಾರ್ಡಿನ ಫೋಟೋ ತಗದು ಫೋನಿಗೆ ಕಳಿಸಿದ. ವಿದ್ಯಾಧೀಶ ಅದಕ್ಕ ಕೈಮುಗಿದ ಚಿತ್ರ ವಾಪಸ್ ಕಳಿಸಿ ಮನ್ಯಾಗ ಕೂತ. ಅವತ್ತಿನಿಂದ ಇಬ್ಬರದೂ ಮಾತು ಫೋನಿನ್ಯಾಗ ಅಷ್ಟ.

ನಾನು ಸಖೂಬಾಯಿ. ಇಪ್ಪತ್ತಾರಕ್ಕ ಗಂಡ ತೀರಿಕೊಂಡ. ಬಬಲೇಶ್ವರದ ಕನ್ನಡ ಸಾಲ್ಯಾಗ ಟೀಚರ್ ಆದೆ, ಅಲ್ಲೇ ಎರಡು ಖೋಲಿ ಮನಿ ಮಾಡಿಕೊಂಡೆ. ಆದರ ನನ್ನ ಖರೇ ನೌಕರಿ ಬ್ಯಾರೇನ ಇತ್ತು. ಬ್ಯಾಸಗಿ ಸೂಟಿ ಬಂತಂದರ ಯಾವುದರೆ ಮನ್ಯಾಗ ಬಾಣಂತನ. ಬಸರಿ ಹೆಣ್ಮಕ್ಕಳೂ ಸಾಲಿ ಸೂಟಿ ಲೆಕ್ಕಾ ಹಾಕೇ ಹಡೀತಿದ್ದರೋ ಏನೋ. ಕೂಸಿಗೆ ಎಣ್ಣಿ ಹಚ್ಚಿ ಎರಿ, ಬಾಣಂತಿಗೆ ಎರಿ, ಶೇಗಡಿ ಹಚ್ಚಿ ಶಾಖ ಕೊಡು, ಲೋಬಾನದ ಹೊಗಿ ಹಾಕು, ಅಂಟಿನ ಉಂಡಿ ಕಟ್ಟು, ಅರಿಬಿ ಒಗಿ. ಹತ್ತೊಂಬತ್ತು ಬಾಣಂತನ ಮಾಡೀನಿ. ಪ್ರತೀ ಸಲ ಒಂದು ಸೀರಿ ಉಡಿಸಿ, "ಸಖೂನ ಕೈ ಅಂದರ ಕೈ" ಅಂದು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದಾರ. ನಾನೂ ಮೂರ್ಖಳು, ಆ ಮಾತಿಗೆ ಉಬ್ಬಿ ಮುಂದಿನ ವರ್ಷ ಮತ್ತ ಹೋಗೀನಿ.

ಈಗ ಅರವತ್ತನಾಲ್ಕು. ಎಡಗಣ್ಣಿಗೆ ಪೊರಿ ಬಂದು ಮೂರು ವರ್ಷ ಆತು. ಎರಡು ಸಲ ಆಪರೇಷನ್ನಿನ ತಾರೀಖು ತಗೊಂಡು ಮುಂದ ಹಾಕೀನಿ. ಒಮ್ಮೆ ವಿದ್ಯಾಧೀಶನ ಸೊಸಿ ದೀಪಾಲಿಯ ಮೊದಲ ಹೆರಿಗಿಗೆ, ಒಮ್ಮೆ ಪ್ರಲ್ಹಾದನ ಹೇಂತಿಯ ಮೊಣಕಾಲಿಗೆ. ಈ ಸಲ ಡಾಕ್ಟರ್ ಸಿಟ್ಟಿಗೆದ್ದು, "ಫೆಬ್ರುವರಿ ಇಪ್ಪತ್ತು, ಮತ್ತ ಕೇಳಬ್ಯಾಡ್ರಿ. ಆಮ್ಯಾಲೆ ನಲವತ್ತು ದಿನ ಒಲಿ ಮುಂದ ಕೂಡಬ್ಯಾಡ್ರಿ, ಹೊಗಿ ಬ್ಯಾಡ, ಬಗ್ಗಬ್ಯಾಡ್ರಿ, ಕೊಡ ಎತ್ತಬ್ಯಾಡ್ರಿ" ಅಂದಿದ್ದರು.

ಸಂಕ್ರಮಣಕ್ಕ ನಾಲ್ಕು ದಿನ ಬಾ ಅಂತ ಪ್ರಲ್ಹಾದ ಕರದ. ಹೋದೆ. ನಾಲ್ಕು ದಿನದ್ದು ನಲವತ್ತು ಆಗೋ ಲಕ್ಷಣ ಅಲ್ಲೇ ಕಂಡಿತು. ಅವನ ಮಗಳು ಮೃಣಾಲ ಚೊಚ್ಚಲ ಹೆರಿಗಿಗೆ ಸೊಲ್ಲಾಪುರದಿಂದ ಬಂದಿದ್ದಳು. ಡಾಕ್ಟರ್ ಕೊಟ್ಟ ದಿನ ಮಾರ್ಚ್ ಮೂರು.

ಎಂಟು ದಿನ ಆದ ಮ್ಯಾಲೆ ಒಮ್ಮೆ ಊಟಕ್ಕ ಕೂತಾಗ ವಿದ್ಯಾಧೀಶನ ಫೋನ್ ಬಂತು. ಪ್ರಲ್ಹಾದ ಸ್ಪೀಕರ್ ಹಚ್ಚಿ ತಾಟಿನ ಬಾಜೂಕ ಇಟ್ಟ.

"ಅಕ್ಕಾ, ದೀಪಾಲಿಗೆ ಮಾರ್ಚ್ ಐದಕ್ಕ ದಿನ ಕೊಟ್ಟಾರ. ನೀ ಫೆಬ್ರುವರಿ ಕಡೀಕ ತಿಕೋಟಾಕ್ಕ ಬಂದುಬಿಡು."

"ಅಕ್ಕ ಎಲ್ಲೂ ಬರೂದಿಲ್ಲ," ಪ್ರಲ್ಹಾದ ಬಾಯಾಗ ರೊಟ್ಟಿ ಇಟ್ಟುಕೊಂಡೇ ಅಂದ. "ಇಲ್ಲಿ ಮೃಣಾಲಂದು ಅದ. ಚೊಚ್ಚಲ."

"ಚೊಚ್ಚಲ ಆದರೇನಾತು, ಮನ್ಯಾಗ ಆಕಿ ತಾಯಿ ಇದ್ದಾಳಲ್ಲ. ದೀಪಾಲಿಗೆ ತಾಯಿ ಇಲ್ಲ."

"ತಾಯಿಗೆ ಮೊಣಕಾಲು ಮಡಚಾಕ ಬರೂದಿಲ್ಲ, ನಿನಗ ಗೊತ್ತಿಲ್ಲೇನು? ನಿನ್ನ ಹೇಂತಿ ಇದ್ದಾಳಲ್ಲ, ಮಾಡ್ಲಿ."

"ಆಕಿಗೆ ಹೊಗಿ ಕಂಡರ ತಲಿ ಸಿಡೀತದೋ."

"ಇಪ್ಪತ್ತಕ್ಕ ನನ್ನ ಕಣ್ಣಿನ ಆಪರೇಷನ್ ಅದ," ಅಂದೆ ನಾನು.

ಪ್ರಲ್ಹಾದ, "ಕಣ್ಣೆಲ್ಲಿ ಓಡಿ ಹೋಗ್ತದಕ್ಕಾ, ಎಪ್ರಿಲ್‌ದಾಗ ಮಾಡಿಸಿದರಾತು. ಇನ್ನೊಂದು ಜರಾ ಪಲ್ಯಾ ಹಾಕು," ಅಂದ. ಆ ಕಡಿಂದ ವಿದ್ಯಾಧೀಶ, "ಹೌದಕ್ಕಾ, ಎಪ್ರಿಲ್‌ದಾಗ ನಾನೇ ಕರಕೊಂಡು ಹೋಗ್ತೀನಿ," ಅಂದ. ಮೂರು ವರ್ಷದಾಗ ಅಣ್ಣ ತಮ್ಮ ಇಬ್ಬರೂ ಒಪ್ಪಿದ್ದು ಇದೊಂದೇ ಮಾತು.

ವಿದ್ಯಾಧೀಶನ ಮಗ, ದೀಪಾಲಿಯ ಗಂಡ ಮಿಲಿಂದ ಬ್ಯಾಂಕಿನ್ಯಾಗ ಇದ್ದಾನ. ತನಗ ಎಲ್ಲಾ ತಿಳೀತದ ಅನ್ನೋ ಪೈಕಿ. ಅಂವ ನಡುವ ಬಾಯಿ ಹಾಕಿದ. "ದೊಡ್ಡಪ್ಪಾ, ಹಿಂಗ ಜಗಳಾಡಿದರ ಬಗೀಹರಿಯೂದಿಲ್ರಿ. ಐತವಾರ ಒಂದು ವಿಡಿಯೋ ಮೀಟಿಂಗ್ ಇಡೋಣ. ನಿಮ್ಮ ಕಡೆ ಇಬ್ಬರು, ನಮ್ಮ ಕಡೆ ಇಬ್ಬರು. ಶಾಂತ ರೀತೀಲೆ ಮಾತಾಡೋಣ."

ಬೈಠಕ್ ಅಂದರ ಪ್ರಲ್ಹಾದಗ ಎಲ್ಲಿಲ್ಲದ ಹುರುಪು. ಮೂವತ್ತೈದು ವರ್ಷ ಆಫೀಸಿನ್ಯಾಗ ಅದನ್ನ ಬಿಟ್ಟು ಬ್ಯಾರೆ ಕೆಲಸಾ ಮಾಡಿದ್ದು ನಾ ಕೇಳಿಲ್ಲ.

ಮೊದಲ ಐತವಾರ ನಾಲ್ಕೇ ಮಂದಿ. ಪ್ರಲ್ಹಾದ, ಸೊಲ್ಲಾಪುರದಿಂದ ಅವನ ಅಳಿಯ, ತಿಕೋಟಾದಿಂದ ಅಪ್ಪ ಮಗ. ಹಿತ್ತಾಳಿ ತಂಬಿಗಿಗೆ ಫೋನ್ ಆಸರಿ ಮಾಡಿ ಇಟ್ಟು, ಇಸ್ತ್ರಿ ಅಂಗಿ ಹಾಕ್ಕೊಂಡು, ಕೆಳಗ ಲುಂಗಿ ಉಟ್ಟುಕೊಂಡು ಪ್ರಲ್ಹಾದ ಕೂತ. ನಾನು ಅಡಗಿಮನ್ಯಾಗ ಅವಲಕ್ಕಿ ಹಚ್ಚಿಕೋತ ಕೇಳಾಕತ್ತಿದ್ದೆ. ಮಾತು ಹತ್ತು ನಿಮಿಷದಾಗ ಮುಗೀತು, ಬೈದಾಟ ಮುಕ್ಕಾಲು ತಾಸು. ಇಬ್ಬಿಬ್ಬರು ಇದ್ದರ ಸರಿಬರಾಬರಿ ಆಗ್ತದ, ತೀರ್ಮಾನ ಹೊರಡೂದಿಲ್ಲ ಅಂತ ಇಬ್ಬರಿಗೂ ಅನಿಸಿತು.

ಎರಡನೇ ಐತವಾರ ವಿದ್ಯಾಧೀಶ ತನ್ನ ಹೇಂತಿಯ ಅಣ್ಣನ್ನ ಕರದ, ಅಂವ ವಕೀಲ. ಅದು ಶನಿವಾರನ ಪ್ರಲ್ಹಾದನ ಕಿವಿಗೆ ಬಿತ್ತು. ಇಂವ ಸುಮ್ಮ ಕೂತಾನೇನು? ಬೀಗರನ್ನ ಕರದ. ಬೀಗರನ್ನ ಕರದ ಮ್ಯಾಲೆ ಬೀಗರ ಅಣ್ಣನ್ನ ಬಿಟ್ಟರ ಅವರಿಗೆ ಅಪಮಾನ. ದೊಡ್ಡ ಸೋದರಮಾವಗ ಹೇಳಿದರ ಸಣ್ಣ ಸೋದರಮಾವಗೂ ಹೇಳಬೇಕು. ಲಗ್ನದ ಪತ್ರಿಕಿ ಹಂಚೋ ರಿವಾಜು ಅಷ್ಟೂ ಬಂದು ಫೋನಿನ್ಯಾಗ ಕೂತಿತು. ಅವತ್ತ ಹನ್ನೊಂದು ಮಂದಿ.

ಬರೇ ಲಿಂಕ್ ಕಳಿಸಿದರ ಕರದಂಗಲ್ಲ ಅಂತ ವಿದ್ಯಾಧೀಶ ಒಂದು ಹೊಸಾ ತಿಪ್ಪರಲಾಗ ಹಾಕಿದ. ಬೆಳ್ಳಿ ತಾಟಿನ್ಯಾಗ ಅಕ್ಷತಿ ಕುಂಕುಮ ಇಟ್ಟು ಫೋಟೋ ತಗದು, ಅದರ ಕೆಳಗ ಲಿಂಕ್ ಹಾಕಿ, "ಸಹಕುಟುಂಬ ಬರ್ರಿ" ಅಂತ ಬರದು ಕಳಿಸಿದ. ವಾಸ್ತುಶಾಂತಿಗೆ ಫೋಟೋ ಕಳಿಸಿದ್ದಕ್ಕ ಮೂರು ವರ್ಷ ಮಾರಿ ತಿರುವಿದಾಂವ ಇಂವನ! ಪ್ರಲ್ಹಾದ ಅದನ್ನ ನೋಡಿ ಒಂದು ಮಜಲಾ ಮ್ಯಾಲೆ ಹೋದ. ಲಿಂಕ್ ಕಳಿಸಿ, ಒಬ್ಬೊಬ್ಬರಿಗೂ ಫೋನ್ ಹಚ್ಚಿ, "ಲಿಂಕ್ ಕಳಿಸೇವ್ರಿ, ಮುಟ್ಟಿತಲ್ರಿ? ಮನಿ ಮಂದೀನೆಲ್ಲಾ ಕರಕೊಂಡು ಬರಬೇಕ್ರಿ" ಅಂತ ಉಪಚಾರ ಮಾಡಿದ. ಶನಿವಾರ ಪೂರಾ ಅದೇ ಕೆಲಸ.

"ಅಲ್ಲೋ, ಕೂತಾವ್ರೆಲ್ಲಾ ತಮ್ಮ ತಮ್ಮ ಮನ್ಯಾಗ. ಇಲ್ಲಿ ಎರಡು ಸೇರು ಅವಲಕ್ಕಿ ಯಾರಿಗೆ ಹಚ್ಚಲಿ?" ಅಂದೆ.

"ಓಣ್ಯಾನ ನಾಲ್ಕು ಹಿರ್ಯಾರು ನಮ್ಮ ಹಾಲಿನ್ಯಾಗ ಕೂಡತಾರಕ್ಕಾ. ನಮ್ಮ ಕಡೆ ಮಂದಿ ಕಾಣಬೇಕು. ಚಹಾಕ್ಕ ಶುಂಠಿ ಹಾಕು."

ಆ ಓಣಿ ಹಿರ್ಯಾರು ಅವಲಕ್ಕಿ ತಿಂದು, ಚಹಾ ಕುಡದು, "ಯಾರದು ಲಗ್ನ?" ಅಂತ ಕೇಳಿ ಹೋದರು.

ಆ ವಾರ ಬುಧವಾರ ಒಂದು ಮಾತು ನಡೀತು. ಮೃಣಾಲ ಕಾಲು ಬಾವು ಬಂದಾವ ಅಂದಳು, ಬಿಸಿನೀರಿನ್ಯಾಗ ಇಡಿಸೋಣ ಅಂತ ಬಕೀಟಿಗೆ ನೀರು ಹಾಕಿದೆ. ಹಂಡೇದಾಗಿಂದು ಕುದಿಯೋ ನೀರು ಅಂತ ಕಾಣಲೇ ಇಲ್ಲ. ಬಕೀಟು ಎಡಕ್ಕ ಇತ್ತು, ಹಬಿ ಕಾಣೋ ಕಣ್ಣಲ್ಲ ಅದು. ಹದಾ ನೋಡಾಕ ಕೈ ಅದ್ದಿದೆ, ನಾಲ್ಕೂ ಬಟ್ಟು ಬೊಬ್ಬಿ ಎದ್ದವು.

ಮೃಣಾಲ ಆ ದೊಡ್ಡ ಹೊಟ್ಟಿ ಹೊತ್ತು ಓಡಿ ಬಂದು ನನ್ನ ಕೈ ತಣ್ಣೀರಿನ್ಯಾಗ ಹಿಡದಳು. "ಅತ್ಯಾ, ನಿಮಗ ಎಷ್ಟು ಕಾಣಸ್ತದ ಖರೇ ಹೇಳ್ರಿ."

"ಬಲಗಣ್ಣು ಛಲೋ ಅದ. ಎಡಕ್ಕ ಬರೇ ಮಬ್ಬು."

"ನಾಳೆ ನನ್ನ ಕೂಸಿಗೆ ಎರಿಯೂ ಮುಂದ?"

ಅದನ್ನ ನಾನೂ ನೆನಸಿದ್ದೆ. ಎಂಟು ದಿನದ ಕೂಸನ್ನ ಕಾಲ ಮ್ಯಾಲೆ ಹಾಕ್ಕೊಂಡು ಬಿಸಿನೀರು ಸುರುವೋ ಕೈ ನಂದು. ಅವತ್ತ ನನಗ ಮೊದಲ ಸಲ ಅಂಜಿಕಿ ಬಂತು. ಕಣ್ಣಿಂದಲ್ಲ, ಕೂಸಿಂದು.

ಮೃಣಾಲ ಅವತ್ತ ಸಂಜೀಕ ಅಪ್ಪನ ಮುಂದ ಕೂತು ಹೇಳಿದಳು. "ಅಪ್ಪಾ, ಅತ್ಯಾಂದು ಮೊದಲ ಆಪರೇಷನ್ ಆಗ್ಲಿ. ನಂದು ಏನರೆ ಮಾಡೋಣ. ಕೆಲಸದಾಕಿ ಸಿಗತಾಳ. ಇವರೂ ಸೊಲ್ಲಾಪುರದಿಂದ ಸೂಟಿ ಹಾಕಿ ಬರ್ಲಿ."

"ನೀ ಈ ವಿಷಯದಾಗ ತಲಿ ಹಾಕಬ್ಯಾಡ. ಬಸರಿ ಹೆಂಗಸು ಟೆನ್ಷನ್ ತಗೋಬಾರದು," ಅಂದ ಪ್ರಲ್ಹಾದ. "ಬೈಠಕ್ ಅದ, ಹಿರ್ಯಾರು ನೋಡ್ಕೋತಾರ."

"ಆ ಬೈಠಕ್ಕಿಗೆ ನನ್ನ ಕರೀರಿ ಹಂಗಾರ."

"ಅಲ್ಲಿ ನಿಂದೇನು ಕೆಲಸ?"

ಹಡಿಯಾಕಿಗೆ ಏನು ಕೆಲಸ, ಖರೇನ!

ಮೂರನೇ ಐತವಾರ ಇಪ್ಪತ್ತಾರು ಮಂದಿ. ಫೋನು ಸಾಲದು ಅಂತ ಟೀವಿಗೆ ಹಚ್ಚಿದರು. ಪರದೆ ತುಂಬ ಕಪಾಟಿನ ಖಾನಿ ಹಂಗ ಮಂದಿ. ಒಬ್ಬಂವ ಬರೇ ಹಣಿ ತೋರಸ್ತಾನ, ಒಬ್ಬಂವ ಮ್ಯಾಲಿನ ಫ್ಯಾನ್ ತೋರಸ್ತಾನ, ಒಬ್ಬಾಕಿ ಮಾವಿನಕಾಯಿ ಹೆಚ್ಚಾಕತ್ತಾಳ. ಅರ್ಧಾ ತಾಸು "ನಿಮ್ಮ ಧ್ವನಿ ಬರವಲ್ದು", ಅರ್ಧಾ ತಾಸು "ಊಟಾತೇನ್ರಿ". ನಾಲ್ಕನೇ ಐತವಾರಕ್ಕ ಅದು ನಲವತ್ತೈದಾತು. ನಮ್ಮ ವಂಶದಾಗ ಇಷ್ಟು ಮಂದಿ ಜೀವಂತ ಇದ್ದಾರ ಅನ್ನೋದು ನನಗ ಅವತ್ತೇ ತಿಳೀತು.

ಮಿಲಿಂದ ಅಜೆಂಡಾ ಓದಿದ. ಒಂದು, ಸಖೂ ಅತ್ಯಾ ಅವರ ಮಾರ್ಚ್ ತಿಂಗಳ ವ್ಯವಸ್ಥೆ. ಎರಡು, ಸದರಿ ವ್ಯವಸ್ಥೆಗೆ ಎರಡೂ ಕಡಿಯವರ ಒಪ್ಪಿಗಿ. ಮೂರು, ವಂದನಾರ್ಪಣೆ.

ಯಾರೋ ಒಂದು ಹೆಣ್ಣು ಧ್ವನಿ ಕೇಳಿತು. "ಅವರ ಕಣ್ಣಿಂದು ಏನೋ ಇತ್ತಲ್ರಿ?"

"ಅದು ಅಜೆಂಡಾದಾಗ ಇಲ್ರಿ," ಅಂದ ಮಿಲಿಂದ.

ವಕೀಲಪ್ಪ ಗಂಟಲ ಸರಿ ಮಾಡಿಕೊಂಡು ಬಗೀಹರಿಸೋ ದಾರಿ ಹೇಳಿದ. "ನೋಡ್ರಿ, ಇದು ಸರಳ ಅದ. ಮುಂಜಾನೆ ವಿಜಯಪುರದಾಗ ಎಣ್ಣಿ ನೀರು ಮುಗಿಸಿ, ಹನ್ನೊಂದರ ಬಸ್ಸಿಗೆ ತಿಕೋಟಾಕ್ಕ ಬರ್ಲಿ. ಇಲ್ಲಿದು ಮುಗಿಸಿ ಸಂಜೀ ಬಸ್ಸಿಗೆ ವಾಪಸ್. ಹ್ಯಾಂಗೂ ಹೆಣ್ಮಕ್ಕಳಿಗೆ ಬಸ್ ಫ್ರೀ ಅದ."

ನಲವತ್ತೈದು ಮಂದಿ ತಲಿ ಆಡಿಸಿದರು. ಕೆಲವರು ಚಪ್ಪಾಳಿ ಚಿತ್ರ ಒತ್ತಿದರು. ಪ್ರಲ್ಹಾದನ ಕಣ್ಣಾಗ ನೀರು ಬಂತು, ಸಮಸ್ಯಾ ಬಗೀಹರೀತಲ್ಲ ಅಂತ! ಮುಂದಿನ ಐತವಾರ ಬಸ್ಸಿನ ಟೈಮ್ ನೋಡಿ ಪಕ್ಕಾ ಮಾಡೋದು ಅಂತ ಆತು. ನಾನು ಅಡಗಿಮನ್ಯಾಗ ನಿಂತು ಅವರ ಉಳಿದ ಅವಲಕ್ಕಿ ಮುಸರಿ ಬುಟ್ಟಿಗೆ ಸುರುವಿದೆ. ಹೇಸಿಕಿ ಬಂದಿತ್ತು ನನಗ. ಅವರದ್ದಷ್ಟ ಅಲ್ಲ, ಅವರ ಸಲುವಾಗಿ ಅವಲಕ್ಕಿ ಹಚ್ಚಿದ ನನ್ನ ಕೈದೂ.

ಹತ್ತೊಂಬತ್ತನೇ ತಾರೀಖು ಬುಧವಾರ ಚೀಲಾ ತಗೊಂಡು ಹೊಂಟೆ. "ಬಬಲೇಶ್ವರಕ್ಕ ಹೋಗಿ ಮನಿ ನೋಡಿಕೊಂಡು ಬರ್ತೀನಿ," ಅಂದೆ.

"ಐತವಾರದೊಳಗ ಬಾ ಅಕ್ಕಾ, ಬೈಠಕ್ ಅದ. ಈ ಸಲ ಶಿರಾ ಮಾಡು," ಅಂದ ಪ್ರಲ್ಹಾದ.

ಮೃಣಾಲ ಬಾಗಿಲದ ತನಕ ಬಂದು ನನ್ನ ಫೋನು ಇಸಕೊಂಡು ಏನೋ ಕಳಿಸಿದಳು. "ಐತವಾರದ ಲಿಂಕ್ ರಿ ಅತ್ಯಾ. ಅಪ್ಪನ ಫೋನಿಂದ ನನಗ ಕಳಿಸಿಕೊಂಡಿದ್ದೆ. ನಿಮಗೂ ಇರ್ಲಿ. ಒತ್ತಾಕ ಬರ್ತದಲ್ರಿ?"

ನಕ್ಕೆ. ನನ್ನ ನೌಕರಿಯ ಕಡೀ ವರ್ಷ ಕೊರೊನಾ. ನಾಲ್ಕನೇತ್ತಾ ಮಕ್ಕಳಿಗೆ ಇದೇ ಫೋನಿನ್ಯಾಗ ಪಾಠ ಹೇಳೀನಿ. ಯಾರನ್ನ ಒಳಗ ಬಿಡೋದು, ಯಾರ ಬಾಯಿ ಬಂದ್ ಮಾಡೋದು, ಮಾತಾಡೂ ಮೊದಲ ಕೈ ಎತ್ತೋ ಗುಂಡಿ ಎಲ್ಲಿ ಒತ್ತೋದು, ಎಲ್ಲಾ ಗೊತ್ತದ. ಈ ಮನ್ಯಾಗ ಯಾರೂ ಅದನ್ನ ಕೇಳಿರಲಿಲ್ಲ, ಅದಕ್ಕ ಹೇಳಿರಲಿಲ್ಲ.

ಗುರುವಾರ ಆಪರೇಷನ್ ಆತು. ದವಾಖಾನಿಗೆ ನನ್ನ ಸಂಗಾಟ ಬಂದಾಕಿ ಇಮಾಮಬಿ. ನಮ್ಮ ಸಾಲ್ಯಾಗ ಬಿಸಿಊಟ ಮಾಡ್ತಿದ್ದಾಕಿ, ಬಬಲೇಶ್ವರದಾಗ ಬಾಜೂ ಮನ್ಯಾಕಿ. ಮರುದಿನ ಪಟ್ಟಿ ಬಿಚ್ಚಿ ಕರೀ ಚಸ್ಮಾ ಕೊಟ್ಟರು. ಮನಿಗೆ ಬಂದು ಮಲಗಿದೆ. ಇಮಾಮಬಿ ಎರಡು ತಾಸಿಗೊಮ್ಮೆ ಬಂದು ಕಣ್ಣಾಗ ಹನಿ ಬಿಡೋದು, ಗದರೋದು. "ಅಕ್ಕಾರ, ಏಳಬ್ಯಾಡ್ರಿ ಅಂದ್ನೆಲ್ಲ! ಗಂಜಿ ನಾ ತರ್ತೀನಿ. ಬಗ್ಗೀರಿ ಅಂದ್ರ ನೋಡ್ರಿ ಮತ್ತ."

ಅರವತ್ತನಾಲ್ಕು ವರ್ಷದಾಗ ನನಗ ಯಾರರೆ ಬಾಣಂತನ ಮಾಡಿದ್ದು ಅದೇ ಮೊದಲು.

ಐತವಾರ ಹತ್ತೂವರಿಗೆ ಗ್ವಾಡಿಗೆ ಆತು ಕೂತು ಲಿಂಕ್ ಒತ್ತಿದೆ. "ಒಳಗ ಬಿಡೋ ತನಕ ಕಾಯ್ರಿ" ಅಂತ ಬಂತು. ಕಾದೆ. ಹತ್ತು ನಿಮಿಷ ಆತು, ಹದಿನೈದಾತು. ಒಳಗ ಏನು ನಡದಿತ್ತು ಅನ್ನೋದನ್ನ ಆಮ್ಯಾಲೆ ಮೃಣಾಲ ಹೇಳಿದಳು.

ಪ್ರಲ್ಹಾದನ ಟೀವಿ ಮ್ಯಾಲೆ "ಸಖೂಬಾಯಿ ಟೀಚರ್" ಅಂತ ಹೆಸರು ಬಂದು ನಿಂತಿತು. ಕೊರೊನಾದಾಗ ಇಟ್ಟಿದ್ದ ಹೆಸರು. ಎಲ್ಲಾರೂ ಗಾಬರಿ. ನಾಕು ಸಲ ಪರಿಚಯ ಇಲ್ಲದ ಮಂದೀನ ಒಳಗ ಬಿಟ್ಟಾರ, ಈಗ ನನ್ನ ಬಿಡಬೇಕೋ ಬ್ಯಾಡೋ ಅಂತ ಚರ್ಚಾ!

"ಅಕ್ಕನ್ನ ಯಾರು ಕರದರು?" ಅಂತ ಪ್ರಲ್ಹಾದ.

"ಕರದದ್ದು ಯಾರರೆ ಇರ್ಲಿ, ಆಕಿ ಯಾವ ಕಡೆ?" ಅಂತ ವಿದ್ಯಾಧೀಶ. "ನಿನ್ನ ಮನ್ಯಾಗ ಇದ್ದಾಳ. ನಿನ್ನ ಕಡೆ ಒಬ್ಬರು ಹೆಚ್ಚಾದರ ನಾ ಒಪ್ಪೂದಿಲ್ಲ."

ಕಡೀಕ ವಕೀಲಪ್ಪ ನ್ಯಾಯಾ ಹೇಳಿದ. ತಿಕೋಟಾ ಕಡಿಂದ ಕನಮಡಿಯ ಒಬ್ಬ ಮೂರನೇ ಪೀಳಿಗಿ ಸಂಬಂಧಿಕಗ ಫೋನ್ ಹಚ್ಚಿ, ಹೊಲದಾಗ ಇದ್ದಾಂವನ್ನ ಎಬ್ಬಿಸಿ, ಲಿಂಕ್ ಕಳಿಸಿ ಒಳಗ ತಗೊಂಡರು. ಅದು ನಲವತ್ತಾರು. ಆಮ್ಯಾಲೆ ನನ್ನ ಬಿಟ್ಟರು. ನಲವತ್ತೇಳನೇಯಾಕಿ ನಾನು.

ಕರೀ ಚಸ್ಮಾದಾಗ ನನ್ನ ಮಾರಿ ನೋಡಿ ಎಲ್ಲಾರ ಬಾಯಿ ತೆರದೇ ಉಳದವು.

"ಅಕ್ಕಾ! ಇದೇನಿದು?"

"ಆಪರೇಷನ್ ಆತು. ಗುರುವಾರ."

"ಯಾರನ್ನ ಕೇಳಿ ಮಾಡಿಸಿದಿ?" ವಿದ್ಯಾಧೀಶ ಒದರಿದ. "ದೀಪಾಲಿ ಹೆರಿಗಿಗೆ ಹತ್ತು ದಿನ ಉಳದಾವ!"

"ನಿಮ್ಮನ್ನೇ ಕೇಳಬೇಕಂತಿದ್ದೆ. ಅಜೆಂಡಾದಾಗ ಇರಲಿಲ್ಲ."

"ಅಲ್ಲಿ ನಿನ್ನ ಹಿಂದ ಯಾರು ನಿಂತಾರ?" ಅಂದ ಪ್ರಲ್ಹಾದ.

"ಇಮಾಮಬಿ. ಕಣ್ಣಾಗ ಔಷಧ ಹಾಕ್ತಾಳ, ಗಂಜಿ ಮಾಡಿ ಕೊಡ್ತಾಳ."

"ಆಕಿ ಕೈಲೆ ಗಂಜಿ ಕುಡದಿ?" ಅಂತ ಯಾವುದೋ ಸೋದರಮಾವ ಬಡಬಡಿಸಿದ.

"ಕುಡದೆ. ಉಪ್ಪು ಬರಾಬರಿ ಇತ್ತು."

ಎಲ್ಲಾರೂ ಒಮ್ಮೆಲೇ ಒದರಾಕತ್ತರು. ನಾನು ನಾಲ್ಕನೇತ್ತಾ ಮಕ್ಕಳಿಗೆ ಗದರೋ ಧ್ವನಿ ತಗದೆ. "ಸುಮ್ಮಕೂಡ್ರಿ ಎಲ್ಲಾರೂ! ಪ್ರಲ್ಹಾದಾ, ನನ್ನ ಬಿಟ್ಟು ಎಲ್ಲಾರನ್ನೂ ಮ್ಯೂಟ್ ಮಾಡು." ಅಂವ ಸಣ್ಣಂವ ಇದ್ದಾಗ ಹೆದರತಿದ್ದ ಧ್ವನಿ ಅದು. ಮಾಡಿಬಿಟ್ಟ.

"ನಲವತ್ತಾರು ಮಂದಿ ಅದೀರಿ. ಐದು ವಾರ ನನ್ನ ಸಲುವಾಗಿ ಕೂತೀರಿ. ಬಾಳ ಉಪಕಾರ. ಹಡಿಯಾವರು ಇಬ್ಬರು, ದೀಪಾಲಿ ಮೃಣಾಲ. ಅವರನ್ನ ಒಬ್ಬರೂ ಕರದಿಲ್ಲ, ಇರ್ಲಿ. ನನಗ ನಲವತ್ತು ದಿನ ಬಗ್ಗೂ ಹಂಗಿಲ್ಲ. ಆದರ ಬಾಯಿ ಅದ. ಕೂಸಿಗೆ ಎರಿಯೋದು, ಶಾಖ ಕೊಡೋದು, ಉಂಡಿ ಕಟ್ಟೋದು, ಎಲ್ಲಾ ಇಲ್ಲೇ ಕೂತು ಹೇಳಿಕೊಡ್ತೀನಿ. ದಿನಾ ಮುಂಜಾನೆ ಇದೇ ಲಿಂಕ್. ಕಲ್ತು ಮಾಡಾವರು ಯಾರು? ಕೈ ಎತ್ತೋ ಗುಂಡಿ ಕೆಳಗ ಅದ. ಎತ್ರಿ."

ಪರದೆ ಮ್ಯಾಲೆ ಮೂಲ್ಯಾಗ ಮಂದಿ ಲೆಕ್ಕ ತೋರಸ್ತದ. ನಲವತ್ತೇಳು ಇದ್ದದ್ದು ನಲವತ್ತೊಂದಾತು. ವಕೀಲಪ್ಪ ಕೈಲೆ ಕಿವಿ ತೋರಿಸಿ, ಕೇಳಸವಲ್ದು ಅನ್ನೂಹಂಗ ಮಾರಿ ಮಾಡಿ ಮಾಯ ಆದ. ಮೂವತ್ತು. ಸೋದರಮಾವಂದಿರು ಇಬ್ಬರೂ ಜೋಡೀಲೇ ಹೋದರು, ಒಬ್ಬರನ್ನ ಬಿಟ್ಟು ಒಬ್ಬರು ಹೋದರ ಅಪಮಾನ ಅಲ್ಲೇನು! ಹದಿನೆಂಟು. ಬೀಗರ ಅಣ್ಣ ಫ್ಯಾನ್ ತೋರಿಸಿಕೋತ ಹೋದರು. ಒಂಬತ್ತು. ಕನಮಡಿಯಾಂವ ಅಷ್ಟ ಹೋಗೂ ಮುಂದ, "ಯಾರದ್ರಿ ಬಾಣಂತನ?" ಅಂತ ಪರದೆ ಮ್ಯಾಲೆ ಚೀಟಿ ಬರದು ಕೇಳಿ ಹೋದ. ಸಹಕುಟುಂಬ ಬಂದಾವರು ಸಹಕುಟುಂಬ ಹೋದರು.

ಉಳದಾವರು ನಾನು, ಪ್ರಲ್ಹಾದ, ವಿದ್ಯಾಧೀಶ, ಮಿಲಿಂದ. ಪ್ರಲ್ಹಾದಗ ಹೋಗಾಕ ಬರೂಹಂಗಿರಲಿಲ್ಲ, ಬೈಠಕ್ ಕರದಾಂವನ ಅಂವ. ಅದರ ಮ್ಯಾಲೆ ಮೃಣಾಲ ಬಂದು ಅವನ ಹಿಂದ ನಿಂತಿದ್ದಳು, ಹೆಗಲ ಮ್ಯಾಲೆ ಕೈ ಇಟ್ಟು. ವಿದ್ಯಾಧೀಶ ಕಣ್ಣು ಮುಚ್ಚಿ ಜಪಾ ಮಾಡೂಹಂಗ ಕೂತಿದ್ದ. ಮಿಲಿಂದ ಬಗ್ಗಿ ಫೋನಿನ್ಯಾಗ ಏನೋ ಹುಡುಕಾಕತ್ತಿದ್ದ. ಬಿಟ್ಟು ಹೋಗೋ ಗುಂಡಿ. ಗಡಿಬಿಡಿದಾಗ ಬಾಜೂದ್ದು ಒತ್ತಿಬಿಟ್ಟ.

ಅವನ ಮಾರಿ ಮ್ಯಾಲೆ ಹಳದೀ ಕೈ ಎದ್ದು ನಿಂತಿತು.

"ಶಾಬ್ಬಾಸ್ ಮಿಲಿಂದ!" ಅಂದೆ.

"ಅಲ್ರಿ ಅತ್ಯಾ, ಅದು ತಪ್ಪಿ... ನಾ ಒತ್ತಿದ್ದು..." ಅಂದ ಮಿಲಿಂದ, ಮ್ಯೂಟ್ ತಗದು.

"ಇಳಸಬ್ಯಾಡ ಕೈ."

ಅವನ ಹಿಂದ ಬಾಗಿಲಾಗ ದೀಪಾಲಿ ಬಂದು ನಿಂತಳು, ಹೊಟ್ಟಿ ಮ್ಯಾಲೆ ಎರಡೂ ಕೈ ಇಟ್ಟುಕೊಂಡು. ಮೇಜಿನ ಮ್ಯಾಲಿನ ವಹಿ, ಪೆನ್ನು ತಗೊಂಡು ಗಂಡನ ಮುಂದ ಇಟ್ಟಳು.

ಕರೀ ಚಸ್ಮಾ ಜರಾ ಮ್ಯಾಲೆ ಮಾಡಿ ಎಡಗಣ್ಣಿಲೆ ನೋಡಿದೆ. ಇಮಾಮಬಿ ಗದರಿದಳು, ಆದರೂ ನೋಡಿದೆ. ಮೂರು ವರ್ಷ ಆಗಿತ್ತು ಇಷ್ಟು ಸ್ವಚ್ಛ ಕಂಡು. ಮಿಲಿಂದನ ಹಣಿ ಮ್ಯಾಲೆ ಬೆವರು, ಪ್ರಲ್ಹಾದನ ಇಸ್ತ್ರಿ ಅಂಗಿ ಕೆಳಗ ಹಳೇ ಲುಂಗಿ, ಎಲ್ಲಾ ಕಾಣಸ್ತಿತ್ತು.

"ಬರಕೋ," ಅಂದೆ. "ಪ್ರಲ್ಹಾದಾ, ನೀನೂ. ಮೊದಲನೇದ್ದು, ನೀರು. ಕೂಸಿಗೆ ಸುರುವೂ ಮೊದಲ ನಿನ್ನ ಕೈ ಅದ್ದಿ ನೋಡಬೇಕು."